ಎತ್ತಿಕೊಳ್ಳೋದು ಎಲ್ಲರಿಗೂ ಬರುತ್ತೆ, ಇಳಿಸೋದು?

ನಾಯಿಮರಿ ಬೇಕು ಅನ್ನುವ ಹಟ ನಮ್ಮ ಮನೆಯಲ್ಲಿ ಶುರುವಾಗಿ ವರ್ಷದ ಮೇಲಾಯಿತು. ಮಗಳಿಗೆ ಹನ್ನೊಂದು, ಮಗನಿಗೆ ಆರು. ಟಿವಿ ರಿಮೋಟಿನಿಂದ ಹಿಡಿದು ಬಸ್ಸಿನ ಕಿಟಕಿ ಸೀಟಿನವರೆಗೆ ಎಲ್ಲಕ್ಕೂ ಜಗಳವಾಡುವ ಇಬ್ಬರೂ ಇದೊಂದು ವಿಷಯದಲ್ಲಿ ಒಂದೇ ಪಕ್ಷ. ವಿದ್ಯಾನಗರದ ನಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಯಾವ ಗೇಟಿನ ಹಿಂದೆ ಯಾವ ನಾಯಿ ಇದೆ, ಅದರ ಹೆಸರೇನು, ಅದು ಯಾರನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ ಅನ್ನುವುದೆಲ್ಲ ಅವರಿಗೆ ಬಾಯಿಪಾಠ. "ನಾವೇ ಎಲ್ಲ ನೋಡ್ಕೋತೀವಮ್ಮ, ನೀನು ಏನೂ ಮಾಡೋದು ಬೇಡ" ಅನ್ನುವುದು ದಿನಾ ಕೇಳುವ ಮಾತು.

ನಾನು ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ನಾಯಿ ಅಂದರೆ ನನಗೂ ಪ್ರಾಣ. ಅದಕ್ಕೇ ಅವಸರ ಮಾಡಲು ಮನಸ್ಸು ಬರಲಿಲ್ಲ. ಈ ಅವಧಿಯಲ್ಲಿ ಪಶುವೈದ್ಯರನ್ನು ಕೇಳಿದೆ, ನಾಯಿ ಸಾಕಿರುವ ನೆಂಟರನ್ನು ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮಕ್ಕಳನ್ನೇ ಗಮನಿಸುತ್ತಾ ಬಂದೆ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡ ಅಪ್ಪ-ಅಮ್ಮಂದಿರು ನನ್ನ ಸುತ್ತಮುತ್ತಲೇ ಬೇಕಾದಷ್ಟಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಸಲಹೆಯ ಬಗ್ಗೆ ಹೇಳಿಬಿಡುತ್ತೇನೆ. "ಒಂದು ನಾಯಿ ತಂದುಕೊಡ್ರಿ, ಮಕ್ಕಳಿಗೆ ಜವಾಬ್ದಾರಿ ತಾನೇ ಬರ್ತದೆ" ಅಂತ ಹೇಳದವರೇ ಇಲ್ಲ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಜವಾಬ್ದಾರಿ ಕಲಿಸುವುದಕ್ಕೆ ಮನೆಯಲ್ಲಿ ಕೆಲಸಕ್ಕೇನು ಬರವೇ? ಹಾಸಿಗೆ ಮಡಚುವುದಿದೆ, ನಲ್ಲಿ ನೀರು ಬಂದ ದಿನ ಕೊಡ ತುಂಬಿಸುವುದಿದೆ, ತುಳಸಿಕಟ್ಟೆ ಮುಂದೆ ಗುಡಿಸುವುದಿದೆ. ಅವನ್ನು ಮರೆತರೆ ಯಾರಿಗೂ ನೋವಾಗುವುದಿಲ್ಲ. ಏಪ್ರಿಲ್ ತಿಂಗಳ ದಾವಣಗೆರೆಯ ಮಧ್ಯಾಹ್ನದಲ್ಲಿ ನಾಯಿಗೆ ನೀರಿಡುವುದು ಮರೆತರೆ ಒಂದು ಜೀವ ನಾಲಿಗೆ ಚಾಚಿಕೊಂಡು ಬಾಗಿಲು ಕಾಯುತ್ತದೆ. ನಮ್ಮ ಮಗು ಪಾಠ ಕಲಿಯಲಿ ಅಂತ ಇನ್ನೊಂದು ಜೀವ ಬಾಯಾರಬಾರದು. ಜವಾಬ್ದಾರಿ ಇದ್ದ ಮನೆಗೆ ನಾಯಿ ಬರಬೇಕೇ ಹೊರತು ಜವಾಬ್ದಾರಿ ಬರಲಿ ಅಂತ ನಾಯಿ ತರುವುದು ಸರಿಯಲ್ಲ.

ಹಾಗಂತ ಮಕ್ಕಳು ಕೊಡುವ ಮಾತು ಸುಳ್ಳು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಹೇಳುವಾಗ ಅವರು ಮನಸ್ಸಿಟ್ಟೇ ಹೇಳುತ್ತಾರೆ. ಆದರೆ ನಾಯಿಯ ಆಯಸ್ಸು ಸಾಧಾರಣವಾಗಿ 10ರಿಂದ 13 ವರ್ಷ, ನಮ್ಮ ಬೀದಿಯ ತಳಿಯನ್ನು ಚೆನ್ನಾಗಿ ನೋಡಿಕೊಂಡರೆ ಅದಕ್ಕಿಂತ ಹೆಚ್ಚೂ ಬದುಕುತ್ತದೆ. ಒಂದು ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಿದೆವು. ಈ ವರ್ಷ ಮರಿ ಬಂದರೆ ಅವಳು ಎಸ್ಸೆಸ್ಸೆಲ್ಸಿ ಓದುವಾಗ ಅದಕ್ಕೆ ನಾಲ್ಕು ವರ್ಷ. ಪಿಯುಸಿ ಮುಗಿಸಿ ಬೆಂಗಳೂರಿಗೋ ಮಂಗಳೂರಿಗೋ ಓದಲು ಹೊರಟಾಗ ಅದಕ್ಕೆ ಏಳು. ತಮ್ಮ ಮನೆ ಬಿಡುವ ಹೊತ್ತಿಗೆ ಅದಕ್ಕೆ ಹನ್ನೆರಡು, ಕಣ್ಣು ಮಂಜಾಗಿ, ಹಿಂಗಾಲು ಹಿಡಿದುಕೊಂಡು, ರಾತ್ರಿ ಎರಡು ಸಲ ಹೊರಗೆ ಕರೆದುಕೊಂಡು ಹೋಗಬೇಕಾದ ಮುದಿ ನಾಯಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅದು ನಿನ್ ನಾಯಿ, ಅಪ್ಪಾಜಿ ನಾಯಿ" ಅಂದಳು. ಸರಿಯಾಗಿಯೇ ಹೇಳಿದಳು. ಮಕ್ಕಳಿಗೋಸ್ಕರ ತಂದ ನಾಯಿ ಕೊನೆಗೆ ದೊಡ್ಡವರ ನಾಯಿಯೇ. ಇದಕ್ಕೆ ಗಂಡ-ಹೆಂಡತಿ ಇಬ್ಬರೂ ಮನಸಾರೆ ಒಪ್ಪದೆ ಇದ್ದರೆ ಮಕ್ಕಳ ಸಿದ್ಧತೆಯ ಮಾತು ಎತ್ತುವುದೇ ಬೇಡ.

ನಾವಿಬ್ಬರೂ ಒಪ್ಪಿದ್ದೆವು. ಒಪ್ಪಿದ ಮೇಲೆ ನೋಡಿದರೆ ನಮ್ಮಿಬ್ಬರ ಒಪ್ಪಿಗೆ ಅರ್ಧ ಮಾತ್ರ. ನಾನು ಬ್ಯಾಂಕಿಗೆ ಹೋಗುವವಳು, ನಮ್ಮ ಮನೆಯವರಿಗೆ ಮಂಡಿಪೇಟೆಯಲ್ಲಿ ಅಂಗಡಿ, ಮಕ್ಕಳು ಒಂಬತ್ತಕ್ಕೆ ಹೊರಟರೆ ಬರುವುದು ನಾಲ್ಕರ ಮೇಲೆ. ಹಗಲು ಪೂರ್ತಿ ಮನೆಯಲ್ಲಿರುವವರು ಅತ್ತೆ ಒಬ್ಬರೇ. ಎಷ್ಟೋ ಮನೆಗಳಲ್ಲಿ ಈ ವಿಷಯ ಅಜ್ಜ-ಅಜ್ಜಿಯರಿಗೆ ಗೊತ್ತಾಗುವುದು ಮರಿ ಹಾಲ್‌ನಲ್ಲಿ ಓಡಾಡತೊಡಗಿದ ಮೇಲೆ. ನಾನು ಮೊದಲೇ ಅವರ ಹತ್ತಿರ ಕೂತು ಕೇಳಿದೆ.

ಅತ್ತೆ ಹರಪನಹಳ್ಳಿ ಕಡೆಯವರು, ಮನೆದೇವರು ಮೈಲಾರಲಿಂಗ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ, ಕಾರಣಿಕ ಅನ್ನುವ ಭವಿಷ್ಯವಾಣಿ ನೋಡಿ ಬೆಳೆದವರು. ಕಂಬಳಿ ಅಂಗಿ ತೊಟ್ಟ ಗೊರವರು, ಅಂದರೆ ಆ ದೇವರ ಭಕ್ತರು, ದೋಣಿ ಅನ್ನುವ ಬಟ್ಟಲಿನೊಳಗಿನ ಎಡೆಗೆ ನಾಯಿಯ ಹಾಗೆ ಬೊಗಳುತ್ತಾ ಬಾಯಿ ಹಾಕಿ ಉಣ್ಣುವ ಸೇವೆಯನ್ನು ಅವರು ಮೊಮ್ಮಕ್ಕಳಿಗೆ ವರ್ಣಿಸುವುದನ್ನು ಕೇಳಬೇಕು; ದೇವರ ನಾಯಿಗಳಾಗುವುದು ಅಲ್ಲಿ ಹರಕೆ, ಅವಮಾನವಲ್ಲ. ಅವರು ಹೇಳಿದ್ದು ಹೀಗೆ: "ನಾಯಿ ಬ್ಯಾಡ ಅನ್ನಲ್ಲವ್ವ ನಾನು. ಮೈಲಾರಲಿಂಗನ ಒಕ್ಕಲು ನಾವು, ನಾಯಿಗೆ ಕಲ್ಲೆತ್ತಿದ ಮನಿ ಅಲ್ಲ ಇದು. ಆದ್ರೆ ಹಗಲೆಲ್ಲ ಮನ್ಯಾಗ ಇರೋಳು ನಾನು. ಮೊಣಕಾಲು ನೋಯ್ತಾವು, ಬಗ್ಗಿ ಉಚ್ಚೆ ಬಳಿಯಾಕ ನನ್ ಕೈಲಾಗಲ್ಲ. ಅದನ್ನ ಯಾರ್ ಮಾಡ್ತೀರಿ ಹೇಳ್ರಿ."

ನಾಯಿ ಸಾಕುವ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ನೇರವಾದ ಪ್ರಶ್ನೆ ಇನ್ನೊಂದಿರಲಿಲ್ಲ. ಎರಡು ತಿಂಗಳ ಮರಿಗೆ ಮೂತ್ರ ಕಟ್ಟಿಕೊಳ್ಳುವ ಶಕ್ತಿ ಎರಡು ತಾಸು, ಹೆಚ್ಚೆಂದರೆ ಮೂರು ತಾಸು. ಉಂಡ ತಕ್ಷಣ, ನಿದ್ದೆಯಿಂದ ಎದ್ದ ತಕ್ಷಣ, ಆಡಿ ಮುಗಿದ ತಕ್ಷಣ ಅದನ್ನು ಹೊರಗೆ ಒಯ್ಯಬೇಕು. ರಾತ್ರಿಯೂ ಏಳಬೇಕು. ತಾಯಿ ಮತ್ತು ಒಡಹುಟ್ಟುಗಳ ಬೆಚ್ಚನೆ ಮೈಗಂಟಿ ಮಲಗಿದ್ದ ಮರಿ ಮೊದಲ ರಾತ್ರಿಗಳಲ್ಲಿ ಅಳುತ್ತದೆ. ಈ ಪಾಳಿಯಲ್ಲಿ ಹನ್ನೊಂದರ ಹುಡುಗಿಗೆ ಸಂಜೆಯದ್ದೊಂದು ಕೊಡಬಹುದು, ಬೆಳಗಿನದ್ದೊಂದು ಕೊಡಬಹುದು. ಉಳಿದದ್ದು ನಮ್ಮ ಪಾಲು. ಮಧ್ಯಾಹ್ನ ಊಟಕ್ಕೆ ಬರುವ ನಮ್ಮ ಮನೆಯವರು ಆ ಹೊತ್ತಿನದು ತಮ್ಮದು ಅಂದರು, ರಾತ್ರಿಯದು ನನ್ನದು ಅಂದೆ. ಹನ್ನೊಂದು ಗಂಟೆಯ ಹೊತ್ತಿಗೆ ಒಂದು ಸಲ ಬಾಗಿಲು ತೆಗೆದು ಅಂಗಳಕ್ಕೆ ಬಿಡುವುದಷ್ಟೇ ಅತ್ತೆಗೆ. ಒಳಗೆ ಆದದ್ದಕ್ಕೆ ಹಳೇ ಬಟ್ಟೆ ಹಾಕಿ ಮುಚ್ಚಿಟ್ಟರೆ ಸಾಕು, ಬಂದವರು ಬಳಿಯುವುದು. ಅತ್ತೆ ಎರಡು ಷರತ್ತು ಸೇರಿಸಿದರು. ದೇವರಮನೆಗೂ ಅಡುಗೆಮನೆಗೂ ಅದು ಕಾಲಿಡಕೂಡದು. ಒಪ್ಪಿದೆವು.

ಇನ್ನು ಮಕ್ಕಳ ವಿಷಯ.

ಎಷ್ಟು ವಯಸ್ಸಿಗೆ ಮಕ್ಕಳು ಸಿದ್ಧ ಅಂತ ಕೇಳಿದವರಿಗೆಲ್ಲ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ. ನನ್ನ ಕಣ್ಣು ತೆರೆಸಿದ್ದು ನಿಟ್ಟುವಳ್ಳಿಯ ನನ್ನ ಅಕ್ಕನ ಮನೆ. ಅಲ್ಲಿ ಮೂರು ತಿಂಗಳ ಕಂದು ಮರಿಯೊಂದಿತ್ತು, ಕೆಂಚ ಅಂತ ಹೆಸರು. ಹೋದ ಕೂಡಲೇ ನನ್ನ ಮಗ ಅದನ್ನು ಮುಂಗಾಲುಗಳ ಕಂಕುಳಿಗೆ ಕೈಹಾಕಿ ಎತ್ತಿಕೊಂಡ. ಹಿಂಗಾಲು ಎರಡೂ ಗಾಳಿಯಲ್ಲಿ ಜೋತಾಡುತ್ತಿದ್ದವು, ಹಾಲುಹೊಟ್ಟೆ ಕಾಣುತ್ತಿತ್ತು. ಮರಿ ಮೊದಲು ಮುಖ ಪಕ್ಕಕ್ಕೆ ತಿರುಗಿಸಿತು. ಅವನು ಅದರ ಮುಖವನ್ನು ತನ್ನ ಕಡೆಗೇ ತಿರುಗಿಸಿಕೊಂಡ. ಅದು ನಾಲಿಗೆಯಿಂದ ತನ್ನ ಮೂಗು ಸವರಿಕೊಂಡಿತು, ಆಮೇಲೆ ದೊಡ್ಡದಾಗಿ ಆಕಳಿಸಿತು. "ಪಾಪ, ನಿದ್ದೆ ಬಂದಿದೆ" ಅಂತ ಅವನು ಇನ್ನೂ ಬಿಗಿಯಾಗಿ ಎದೆಗೆ ಅವಚಿಕೊಂಡ. ಮರಿಯ ಕಿವಿ ಹಿಂದಕ್ಕೆ ಅಂಟಿತು, ಕಣ್ಣಿನ ಬಿಳಿಭಾಗ ಅಂಚಿನಲ್ಲಿ ಕಂಡಿತು, ಬಾಲ ಕಾಲ ಸಂದಿಗೆ ಹೋಯಿತು. ಮೆಟ್ಟಿಲ ಮೇಲೆ ಕೂತಿದ್ದ ಮಗಳು, "ಇಳಿಸೋ. ಅದು ನಿನ್ ಮುಖಾನೇ ನೋಡ್ತಿಲ್ಲ" ಅಂದಳು. "ಇನ್ನೊಂದೇ ನಿಮಿಷ ಅಕ್ಕಾ" ಅಂದ ಇವನು. ಮರಿ ಸಣ್ಣಗೆ ಗುರ್ ಅಂದಿತು. ನನ್ನ ಅಕ್ಕ ಬಂದು ಬಿಡಿಸಿ ಕೆಳಗಿಟ್ಟಳು. "ಅದಕ್ಕೆ ನಾನಂದ್ರೆ ಇಷ್ಟ ಇಲ್ಲ" ಅಂತ ಇವನಿಗೆ ಅಳು.

ಆಮೇಲೆ ಮಗಳು ಮಾಡಿದ್ದನ್ನೂ ಹೇಳಬೇಕು. ಅವಳು ಮರಿಯ ಕಡೆ ಪೂರ್ತಿ ತಿರುಗದೆ, ಪಕ್ಕಕ್ಕೆ ಮುಖ ಮಾಡಿ ನೆಲದ ಮೇಲೆ ಕೂತಳು. ಅಂಗೈ ಬಿಚ್ಚಿ ಮಂಡಿಯ ಮೇಲಿಟ್ಟಳು. ಕರೆಯಲಿಲ್ಲ. ಸುಮಾರು ಹೊತ್ತಿನ ಮೇಲೆ ಮರಿ ತಾನೇ ಬಂದು ಕೈ ಮೂಸಿತು, ತೊಡೆಗೆ ಒರಗಿತು. ಅವಳು ಅದರ ಎದೆಯ ಮೇಲೆ ಒಂದೆರಡು ಸಲ ಕೆರೆದು ಕೈ ತೆಗೆದಳು. ಮರಿ ಮತ್ತೆ ಕೈಗೆ ಮೂತಿ ಒತ್ತಿತು, ಮತ್ತೆ ಕೆರೆದಳು. ಇನ್ನೊಂದು ಸಲ ಕೈ ತೆಗೆದಾಗ ಅದು ಎದ್ದು ನೀರು ಕುಡಿಯಲು ಹೋಯಿತು. ಅವಳು ಹಿಂದೆ ಹೋಗಲಿಲ್ಲ. ಕೂತಲ್ಲೇ ಕೂತಳು. ಮಗಳು ಸಿದ್ಧ ಅಂತ ನನಗೆ ಗೊತ್ತಾಗಿದ್ದು ಆಗ. ಮರಿಯನ್ನು ಪ್ರೀತಿಸುವುದರಲ್ಲಿ ಇಬ್ಬರೂ ಸಮ, ತಮ್ಮ ಒಂದು ಕೈ ಮೇಲೂ ಇರಬಹುದು. ಆದರೆ ಪ್ರೀತಿ ಉಕ್ಕಿ ಬರುತ್ತಿರುವಾಗಲೇ ಕೈ ಹಿಂದಕ್ಕೆ ತೆಗೆದುಕೊಳ್ಳುವುದು ಅಕ್ಕನಿಗೆ ಬರುತ್ತದೆ, ತಮ್ಮನಿಗೆ ಆಗ ಬರುತ್ತಿರಲಿಲ್ಲ. ಮಕ್ಕಳ ಸಿದ್ಧತೆಯನ್ನು ನಾನು ಅಳೆಯುವುದು ಇದೊಂದರಿಂದಲೇ.

ಮಗ ನಿದ್ದೆ ಅಂದುಕೊಂಡ ಆಕಳಿಕೆ ನಿಜಕ್ಕೂ ನಿದ್ದೆಯದ್ದಾಗಿರಲಿಲ್ಲ. ಇಕ್ಕಟ್ಟಿನಲ್ಲಿ ಸಿಕ್ಕ ನಾಯಿ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಮುಖ ತಿರುಗಿಸುತ್ತದೆ, ಕಲ್ಲಿನ ಹಾಗೆ ಬಿಗಿಯಾಗಿ ನಿಲ್ಲುತ್ತದೆ. ಆಮೇಲೆ ಗುರ್ ಅನ್ನುತ್ತದೆ. ಇಷ್ಟೆಲ್ಲ ಹೇಳಿದರೂ ಯಾರೂ ಕೇಳದಿದ್ದಾಗ ಕಚ್ಚುತ್ತದೆ. "ಸುಮ್ನಿತ್ತು, ಇದ್ದಕ್ಕಿದ್ದಂಗೆ ಕಚ್ಚಿಬಿಡ್ತು" ಅನ್ನುವ ಎಷ್ಟೋ ಕಥೆಗಳಲ್ಲಿ ನಾಯಿ ಮೊದಲೇ ಸಾಕಷ್ಟು ಸಲ ಹೇಳಿರುತ್ತದೆ. ಅಪ್ಪಿಕೊಳ್ಳುವುದು ನಮಗೆ ಅಕ್ಕರೆ. ಬಹುಪಾಲು ನಾಯಿಗಳಿಗೆ ಅದು ಕಟ್ಟಿಹಾಕಿದ ಹಾಗೆ. ಚಿಕ್ಕ ಮಕ್ಕಳ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುವುದರಿಂದ ಅವರಿಗೆ ಕಚ್ಚಿದ ಗಾಯ ಮುಖಕ್ಕೂ ಕತ್ತಿಗೂ ಆಗುವುದು ಹೆಚ್ಚು. ಅದೂ ಕಚ್ಚುವುದು ಎಲ್ಲಿಂದಲೋ ಬಂದ ನಾಯಿಯೇ ಆಗಬೇಕಿಲ್ಲ, ಮನೆಯದೋ, ಪಕ್ಕದ ಮನೆಯದೋ, ಪರಿಚಯದ್ದೂ ಆಗಿರಬಹುದು. ಅದಕ್ಕೇ ಗುರ್ ಅಂದ ಮರಿಗೆ ಯಾರೂ ಹೊಡೆಯಬಾರದು, ಬೈಯಬಾರದು. ಗುರ್ ಅಂದರೆ ಪೆಟ್ಟು ಬೀಳುತ್ತದೆ ಅಂತ ಕಲಿತ ನಾಯಿ ಮುಂದೊಂದು ದಿನ ಗುರ್ ಅನ್ನದೆಯೇ ಕಚ್ಚುತ್ತದೆ. ಎಷ್ಟೇ ಸಾಧುವಾಗಿರಲಿ, ಆರು ವರ್ಷದ ಮಗುವನ್ನೂ ನಾಯಿಯನ್ನೂ ದೊಡ್ಡವರ ಕಣ್ಣಿಲ್ಲದ ಕಡೆ ಬಿಡುವುದಿಲ್ಲ ಅಂತ ನಾವು ಗೆರೆ ಎಳೆದುಕೊಂಡಿದ್ದೇವೆ.

ಮಗನಿಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಾಗ ದಾರಿ ತಾನಾಗಿ ಸಿಕ್ಕಿತು. ಅವನ ಕೆನ್ನೆ ತುಂಬಿಕೊಂಡಿವೆ. ಮದುವೆ ಮನೆಗೆ ಹೋದರೆ ಬಂದವರೆಲ್ಲ ಹಿಂಡುತ್ತಾರೆ, ಎತ್ತಿಕೊಳ್ಳುತ್ತಾರೆ, ಮುತ್ತು ಕೊಡುತ್ತಾರೆ. ಅವನಿಗೆ ಅದು ಸುತರಾಂ ಆಗದು, ನನ್ನ ಸೆರಗಿನ ಹಿಂದೆ ಸೇರಿಕೊಳ್ಳುತ್ತಾನೆ. "ಅವರೆಲ್ಲ ನಿನ್ ಮೇಲೆ ಪ್ರೀತಿಯಿಂದಲೇ ಅಲ್ವೇನೋ ಹಿಂಡೋದು?" ಅಂತ ಕೇಳಿದೆ. "ಪ್ರೀತಿ ಇದ್ರೂ ನಂಗೆ ಬೇಡ" ಅಂದ. "ಕೆಂಚನೂ ಅವತ್ತು ಅದನ್ನೇ ಹೇಳ್ತಿದ್ದ" ಅಂದೆ. ಅವನ ಮುಖ ನೋಡಿದೆ, ತಲುಪಿತ್ತು. ಅಂದಿನಿಂದ ದೊಡ್ಡಮ್ಮನ ಮನೆಗೆ ಹೋದಾಗೆಲ್ಲ ಮೂರು ಎಣಿಸುವಷ್ಟು ಹೊತ್ತು ಮುಟ್ಟಿ ಕೈ ತೆಗೆಯುತ್ತಾನೆ, ಮರಿ ಮತ್ತೆ ಬಂದರೆ ಮಾತ್ರ ಮುಟ್ಟುತ್ತಾನೆ. ನಾನು ನೋಡುತ್ತಿಲ್ಲ ಅನ್ನಿಸಿದಾಗ ಮರೆಯುತ್ತಾನೆ. ಆರು ವರ್ಷಕ್ಕೆ ಅಷ್ಟೇ. ಮಲಗಿದ ಮರಿಯನ್ನು ಎಬ್ಬಿಸದೆ ಬಿಡುವುದು ಅವನಿಗೆ ಇನ್ನೂ ಕಷ್ಟ. ಈ ವಯಸ್ಸಿನ ಮರಿ ದಿನಕ್ಕೆ 18-20 ತಾಸು ಮಲಗುತ್ತದೆ ಅಂದಾಗ ಅವನಿಗೆ ಆದ ನಿರಾಸೆ ಅಷ್ಟಿಷ್ಟಲ್ಲ.

ಮರಿಯ ಹಲ್ಲಿನ ಬಗ್ಗೆಯೂ ಇಬ್ಬರಿಗೂ ಮೊದಲೇ ಹೇಳಿಟ್ಟಿದ್ದೇನೆ. 28 ಹಾಲುಹಲ್ಲು, ಒಂದೊಂದೂ ಸೂಜಿ. ನಾಲ್ಕನೇ ತಿಂಗಳಿನ ಸುಮಾರಿಗೆ ಅವು ಬೀಳತೊಡಗಿ ಏಳು ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ಅಲ್ಲಿಯವರೆಗೆ ಚಪ್ಪಲಿ, ಲಂಗದ ಅಂಚು, ಕಾಲ್ಬೆರಳು ಎಲ್ಲದಕ್ಕೂ ಬಾಯಿ. ಚೀರಿಕೊಂಡು ಓಡಿದರೆ ಮರಿಗೆ ಅದೇ ಆಟ, ಇನ್ನೂ ಜೋರಾಗಿ ಬೆನ್ನಟ್ಟುತ್ತದೆ. ಕೈ ಕಟ್ಟಿಕೊಂಡು ಮರದ ಹಾಗೆ ನಿಂತುಬಿಡಬೇಕು. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗಲೂ ಇದೇ ಉಪಾಯ ಅಂತ ಮಗಳು ಟ್ಯೂಷನ್ ದಾರಿಯಲ್ಲಿ ಕಲಿತಿದ್ದಾಳೆ. ಮಗ ಅಂಗಳದಲ್ಲಿ ದಿನಾ ಮರವಾಗಿ ನಿಂತು ಅಭ್ಯಾಸ ಮಾಡುತ್ತಾನೆ.

ಈಗ ನನ್ನನ್ನು ತುಂಬ ಕಾಡಿದ ಸಂಗತಿಗೆ ಬರುತ್ತೇನೆ. ಒಂದು ರಾತ್ರಿ ಮಲಗಿಸುವಾಗ ಮಗನನ್ನು ಕೇಳಿದೆ: "ಮರಿ ಆಟಕ್ಕೆ ಹಲ್ಲು ತಾಗಿಸಿ ಸ್ವಲ್ಪ ರಕ್ತ ಬಂತು ಅಂದ್ಕೋ. ಅಮ್ಮಂಗೆ ಹೇಳ್ತೀಯಾ?" ಅವನು ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ, "ಹೇಳಿದ್ರೆ ಮರೀನ ವಾಪಸ್ ಕೊಟ್ಬಿಡ್ತೀರಾ?" ಅಂತ ಕೇಳಿದ.

ಅಂದರೆ ಮರಿ ಕೈತಪ್ಪಿ ಹೋಗುತ್ತದೆ ಅನ್ನುವ ಹೆದರಿಕೆಗೆ ಅವನು ಗಾಯ ಮುಚ್ಚಿಡಬಲ್ಲ. ಬೈಗುಳಕ್ಕೆ ಹೆದರಿ ಮುಚ್ಚಿಡುವ ಮಕ್ಕಳೂ ಇದ್ದಾರೆ. ರೇಬಿಸ್ ವಿಷಯದಲ್ಲಿ ಈ ಮೌನದಷ್ಟು ಅಪಾಯದ್ದು ಬೇರೆ ಯಾವುದೂ ಇಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಚ್ಚಿದ ಕೂಡಲೇ ಎಚ್ಚೆತ್ತುಕೊಂಡರೆ ಪೂರ್ತಿ ತಡೆಯಬಹುದು. 1885ರಲ್ಲಿ ಲೂಯಿ ಪಾಶ್ಚರ್ ತನ್ನ ಲಸಿಕೆಯನ್ನು ಮೊದಲು ಕೊಟ್ಟ ಹುಡುಗ ಜೋಸೆಫ್ ಮೈಸ್ಟರ್‌ಗೆ ಒಂಬತ್ತು ವರ್ಷ. ಹುಚ್ಚುನಾಯಿ ಕಚ್ಚಿದ್ದ ಆ ಹುಡುಗ ಬದುಕಿದ. ಇಷ್ಟು ವರ್ಷಗಳ ಮೇಲೂ ನಮ್ಮಲ್ಲಿ ಮಕ್ಕಳು ಇದಕ್ಕೆ ಬಲಿಯಾಗುವುದನ್ನು ಕೇಳಿದರೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತದೆ. ಮರಿಗೆ ರೇಬಿಸ್ ಲಸಿಕೆ ಹಾಕುವುದು ಮೂರು ತಿಂಗಳು ತುಂಬಿದ ಮೇಲೆ, ಆಮೇಲೆ ವೈದ್ಯರು ಹೇಳಿದಂತೆ ಮತ್ತೆ ಮತ್ತೆ. ಅಂದರೆ ಮನೆಗೆ ಬಂದ ಮೊದಲ ವಾರಗಳಲ್ಲಿ ಅದಕ್ಕೆ ಆ ರಕ್ಷಣೆ ಇರುವುದಿಲ್ಲ. ಹಲ್ಲು ತಾಗಿದರೆ, ಉಗುರು ಗೀರಿದರೆ, ನಲ್ಲಿ ನೀರು ಬಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಏನನ್ನೂ ಮೆತ್ತಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತದೆ, ವೈದ್ಯರು ಕೊಟ್ಟ ತಾರೀಕುಗಳಲ್ಲಿ ಒಂದನ್ನೂ ತಪ್ಪಿಸಬಾರದು.

ಮಗನಿಗೆ ಅವತ್ತು ರಾತ್ರಿ ಮಾತು ಕೊಟ್ಟೆ: ಗಾಯ ಆಯಿತು ಅಂತ ಹೇಳಿದ್ದಕ್ಕೆ ಮರಿಯನ್ನು ಕಳಿಸುವುದಿಲ್ಲ, ನಿನಗೆ ಬೈಯುವುದಿಲ್ಲ. ಅಪ್ಪಾಜಿಯಿಂದಲೂ ಹೇಳಿಸಿದೆ, ಅಜ್ಜಿಯಿಂದಲೂ ಹೇಳಿಸಿದೆ. ಅದಾದ ಮೇಲೆ ಅವನು ಸೈಕಲ್‌ನಿಂದ ಬಿದ್ದ ತರಚು, ಗೆಳೆಯ ಚಿವುಟಿದ್ದು ಎಲ್ಲವನ್ನೂ ತಂದು ತೋರಿಸತೊಡಗಿದ್ದಾನೆ. ಪ್ರತಿಯೊಂದನ್ನೂ ನಿಂತು ನೋಡುತ್ತೇನೆ, ಅಡುಗೆ ಸೀದರೂ ಪರವಾಗಿಲ್ಲ. ನೋವಾದದ್ದನ್ನು ಹೆದರದೆ ಬಂದು ಹೇಳುವ ಮನೆಯಲ್ಲೇ ಮಗುವೂ ಕ್ಷೇಮ, ನಾಯಿಯೂ ಕ್ಷೇಮ.

ಸಣ್ಣದೊಂದು ಪರೀಕ್ಷೆಯನ್ನೂ ಇಟ್ಟಿದ್ದೆವು. ಬೇಸಿಗೆ ಶುರುವಾದಾಗ ಗೇಟಿನ ಹೊರಗೆ ಬೀದಿನಾಯಿಗಳಿಗೆ ಅಂತ ಒಂದು ಸಿಮೆಂಟ್ ಬಾನಿ ಇಟ್ಟು, ಬೆಳಿಗ್ಗೆ ತೊಳೆದು ನೀರು ತುಂಬುವ ಕೆಲಸ ಮಗಳಿಗೆ ಕೊಟ್ಟೆವು. ಆಸಕ್ತಿಯಿಂದ ಮಾಡಿದಳು. ಪರೀಕ್ಷೆ ಹತ್ತಿರ ಬಂದಾಗ ಮರೆತಳು, ನಾನು ತುಂಬಿದೆ. ರಜೆ ಬಂದ ಮೇಲೆ ಮತ್ತೆ ಅವಳೇ ತುಂಬಿದಳು. ಇದನ್ನು ನೋಡಿ ಅವಳು ಲಾಯಕ್ಕಿಲ್ಲ ಅನ್ನುವುದು ಅನ್ಯಾಯ. ಹನ್ನೊಂದರ ಮಗು ಹೀಗೇ ಇರುತ್ತದೆ, ಹೀಗಿರುವ ಮಗುವಿನ ಹಿಂದೆ ದೊಡ್ಡವರು ನಿಂತಿರಬೇಕು. ನೀರು ತುಂಬಿಲ್ಲ ಅಂದರೆ ನಾಯಿ ಕೊಟ್ಟುಬಿಡ್ತೀವಿ ಅಂತ ಹೆದರಿಸುವ ಮನೆಗಳಿವೆ. ದಯವಿಟ್ಟು ಆ ಮಾತು ಬಾಯಲ್ಲಿ ಬರಕೂಡದು.

ಯಾವ ನಾಯಿ ಅನ್ನುವುದರಲ್ಲಿ ನನ್ನದು ಖಚಿತ ಅಭಿಪ್ರಾಯ. ಮಗಳು ಫೋನಿನಲ್ಲಿ ನೋಡಿ ಹಸ್ಕಿ ಅಂದಳು. ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ ನಾಯಿಯನ್ನು ನಮ್ಮ ಬೇಸಿಗೆಗೆ ತಂದು ತಾರಸಿ ಮನೆಯೊಳಗೆ ಕೂರಿಸುವುದು ಹಿಂಸೆ. ಚಪ್ಪಟೆ ಮೂಗಿನ ಪಗ್ ಸೆಖೆಯಲ್ಲಿ ಉಸಿರಿಗೇ ಒದ್ದಾಡುತ್ತದೆ. ನಮ್ಮವರಿಗೆ ಮುಧೋಳ ನಾಯಿಯ ಆಸೆ. ನಮ್ಮ ನಾಡಿನ ಹೆಮ್ಮೆ ಅದು, 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತ್ತು. ಆದರೆ ಅದು ಬಯಲಲ್ಲಿ ಓಡಬೇಕಾದ ಬೇಟೆನಾಯಿ, ನಮ್ಮ ಅಂಗಳ ಅದಕ್ಕೆ ಸಾಲದು. ಕಂತ್ರಿ ಅಂತ ನಾವು ಕೀಳಾಗಿ ಕರೆಯುವ ಬೀದಿಮರಿಗೆ ಈ ಊರಿನ ಬಿಸಿಲು ಗೊತ್ತು, ಸದ್ದು ಗೊತ್ತು. ನಮಗೆ ಅದೇ ಸರಿ. ಯಾವ ತಳಿಯೇ ಆಗಲಿ, ಎಂಟು ವಾರ ತುಂಬದೆ ತಾಯಿಯಿಂದ ಬಿಡಿಸಬಾರದು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದೇ ಒಡಹುಟ್ಟುಗಳ ಜೊತೆ ಆಡುತ್ತಾ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. ಒಂದು ತಿಂಗಳಿನ ಮರಿಯನ್ನು "ಈಗ್ಲೇ ತಗೊಂಡ್ಹೋದ್ರೆ ಚೆನ್ನಾಗ್ ಹೊಂದ್ಕೊಳ್ತದೆ" ಅಂತ ಯಾರಾದರೂ ಕೈಗಿಟ್ಟರೆ ಬೇಡ ಅನ್ನಿ.

ಊಟದ ವಿಷಯ ಮಕ್ಕಳಿಗೆ ಬೇಗ ಅರ್ಥವಾಯಿತು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಈರುಳ್ಳಿ ಅದರ ರಕ್ತಕಣಗಳನ್ನೇ ಒಡೆಯುತ್ತದೆ. ಮಂಡಕ್ಕಿ-ಮಿರ್ಚಿಯ ಊರಲ್ಲಿ ಇದನ್ನು ಒತ್ತಿ ಹೇಳಬೇಕು, ಸಂಜೆ ಖಾರ ಮಂಡಕ್ಕಿ ತಿನ್ನುತ್ತಾ ಒಂದು ಹಿಡಿ ಮರಿಯ ಮುಂದೆ ಸುರಿಯುವುದು ಇಲ್ಲಿನ ಎಲ್ಲ ಮಕ್ಕಳ ಕೈಗೂ ಬಂದ ಅಭ್ಯಾಸ. ಜಂತುಹುಳುವಿನ ಔಷಧಿ, ಮುಟ್ಟಿದ ಮೇಲೆ ಕೈ ತೊಳೆಯುವುದು, ಇವನ್ನೆಲ್ಲ ವೈದ್ಯರೇ ಹೇಳುತ್ತಾರೆ.

ಪಾರ್ವೊ ಬಗ್ಗೆ ಮಾತ್ರ ನಾನೇ ಹೇಳಿದೆ. ರಕ್ತಭೇದಿಯಾಗಿ ಮರಿಗಳನ್ನು ಎರಡು ಮೂರು ದಿನದಲ್ಲೇ ಒಯ್ಯಬಲ್ಲ ಕಾಯಿಲೆ ಅದು, ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆರರಿಂದ ಎಂಟು ವಾರಕ್ಕೆ ಶುರುವಾಗುವ ಲಸಿಕೆಗಳನ್ನು ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಾ 16 ವಾರ ದಾಟುವವರೆಗೆ ಕುಂದುವಾಡ ಕೆರೆಯ ವಾಕಿಂಗ್ ದಾರಿಗೂ ಬೀದಿಯ ಮಣ್ಣಿಗೂ ಅದನ್ನು ಇಳಿಸುವ ಹಾಗಿಲ್ಲ. "ಫ್ರೆಂಡ್ಸ್‌ಗೆ ತೋರಿಸಂಗೂ ಇಲ್ವಾ?" ಅಂತ ಮಗಳ ಮುಖ ಸಪ್ಪಗಾಯಿತು. ಎತ್ತಿಕೊಂಡು ಗೇಟಿನವರೆಗೆ ಒಯ್ದು ಊರಿನ ಸದ್ದು, ಜನ, ಗಾಡಿ ಎಲ್ಲ ತೋರಿಸಬಹುದು, ತೋರಿಸಲೂಬೇಕು. ಆ ವಯಸ್ಸಿನಲ್ಲಿ ಹೆದರದೆ ಕಂಡದ್ದಕ್ಕೆ ನಾಯಿ ಮುಂದೆ ಹೆದರುವುದು ಕಡಿಮೆ. ಗೆಳತಿಯರ ಕೈಯಿಂದ ಕೈಗೆ ದಾಟಿಸುವುದು ಮಾತ್ರ ಬೇಡ. ಎಷ್ಟು ನೋಡಿಕೊಂಡರೂ ಮರಿ ಉಳಿಯದೆ ಹೋಗಬಹುದು ಅನ್ನುವುದನ್ನೂ ಅವಳಿಗೆ ಮುಚ್ಚಿಡಲಿಲ್ಲ. ಅವಳು ಅತ್ತಳು, ಆಮೇಲೂ ಬೇಕು ಅಂದಳು.

ಬೇಸಿಗೆ ರಜೆಯಲ್ಲಿ ಮಕ್ಕಳು ಮನೆಯಲ್ಲಿರುತ್ತಾರೆ ಅಂತ ಆಗಲೇ ಮರಿ ತರುವವರು ಹೆಚ್ಚು. ನನಗೆ ಅದು ಸರಿ ಕಾಣುವುದಿಲ್ಲ. ಉರಿಬಿಸಿಲು ಒಂದು ಕಡೆ. ಎರಡು ತಿಂಗಳು ಮೈಮೇಲೆ ಬಿದ್ದು ಆಡಿದ ಮಕ್ಕಳು ಜೂನ್ ಬಂದ ಕೂಡಲೇ ಒಟ್ಟಿಗೆ ಮಾಯವಾಗುವುದು ಇನ್ನೊಂದು ಕಡೆ. ದಸರಾ ರಜೆಗೆ ತರೋಣ ಅಂತ ನಮ್ಮವರು ಅಂದರು. ಬೆನ್ನಿಗೇ ದೀಪಾವಳಿ. ಎಂಟು ಹತ್ತು ವಾರದ ಮರಿಗೆ ಮನಸ್ಸಿನಲ್ಲಿ ಹೆದರಿಕೆ ಕೂತುಬಿಡುವ ಕಾಲ, ಆಗ ಬೀದಿ ತುಂಬ ಪಟಾಕಿ. ಬೇಡ ಅಂದೆ. ದೀಪಾವಳಿ ಮುಗಿಯಲಿ, ಚಳಿ ಬೀಳುವ ಹೊತ್ತಿಗೆ ನಮ್ಮ ಬೀದಿಗಳಲ್ಲಿ ಮರಿಗಳೂ ಕಾಣುತ್ತವೆ, ಬೇಸಿಗೆ ಬರುವುದರೊಳಗೆ ಲಸಿಕೆಯೂ ಮುಗಿದಿರುತ್ತದೆ. ಅಲ್ಲಿಯವರೆಗೆ ಮಗನಿಗೂ ಸಮಯ ಸಿಗುತ್ತದೆ. ಮಲಗಿದ ಕೆಂಚನ ಪಕ್ಕದಲ್ಲಿ ಕೈ ಚಾಚದೆ ಕೂರುವುದು ಅವನಿಗೆ ಬಂದರೆ ಈ ಚಳಿಗಾಲಕ್ಕೆ ಮರಿ ಬರುತ್ತದೆ. ಬರದಿದ್ದರೆ ಇನ್ನೊಂದು ವರ್ಷ ಕಾಯುತ್ತೇವೆ ಅಂತ ಇಬ್ಬರಿಗೂ ಹೇಳಿದ್ದೇವೆ. ಮಗಳಿಗೆ ಇದು ಅನ್ಯಾಯ ಅನ್ನಿಸಿದೆ, ತಾನು ಸಿದ್ಧಳಾಗಿದ್ದರೂ ತಮ್ಮನಿಗೋಸ್ಕರ ಕಾಯಬೇಕು ಅನ್ನುವುದು ಅವಳ ಬೇಸರ. ಆ ಬೇಸರ ನ್ಯಾಯವೇ. ಈಗ ಅವಳೇ ತಮ್ಮನಿಗೆ ಮೇಷ್ಟ್ರಾಗಿದ್ದಾಳೆ.

ಇನ್ನೂ ತೀರ್ಮಾನವಾಗದೆ ಉಳಿದಿರುವುದು ಮರಿ ಮಲಗುವ ಜಾಗ. ಅತ್ತೆ ಅಂಗಳ ಅನ್ನುತ್ತಾರೆ, ಮಗ ತನ್ನ ಹಾಸಿಗೆ ಅನ್ನುತ್ತಾನೆ. ಮೊದಲ ವಾರಗಳಲ್ಲಿ ಹಾಲ್‌ನ ಬಾಗಿಲ ಬಳಿ ಅದರ ಚೀಲ ಹಾಸಿ ಪಕ್ಕದಲ್ಲೇ ನಾನು ಚಾಪೆ ಹಾಕಿಕೊಳ್ಳುತ್ತೇನೆ, ರಾತ್ರಿ ಅತ್ತರೆ ಕೈ ಸಿಗುವ ಹಾಗೆ ಅನ್ನುವುದು ನನ್ನ ಮಾತು. ದೇವರಮನೆ ಬಾಗಿಲು ಅಲ್ಲಿಂದ ನಾಲ್ಕು ಹೆಜ್ಜೆ. ಅತ್ತೆಗೆ ಅದು ಸಮಾಧಾನವಿಲ್ಲ. ಬಾಗಿಲಿಗೆ ಅಡ್ಡಗಟ್ಟೆ ಕಟ್ಟಿಸಬಹುದಾ ಅಂತ ಬಡಗಿಯನ್ನು ಕೇಳಿದ್ದೇವೆ, ಬರುವ ಭಾನುವಾರ ಅವರು ಅಳತೆಗೆ ಬರುತ್ತಾರೆ.